ಮಿರೋನ್ ಹೆಸರಿನ ಮುಂದೆ

ಬೆಳಿಗ್ಗೆ ಮೊದಲು ಕಂಡದ್ದು ಸೂರ್ಯಕಾಂತಿ ಬೀಜ. ಡ್ಯಾನ್ಯೂಬಿನ ತುಂಬ ಕಪ್ಪು ಬೀಜ. ಮಂಜಿನೊಳಗಿಂದ ತೇಲಿಕೊಂಡು ಬಂದು ರೂಸೆ ಬಂದರಿನ ಕಟ್ಟೆಗೆ ಮೆತ್ತಿಕೊಳ್ಳುತ್ತಿದ್ದವು. ನೀರಹಕ್ಕಿಗಳು ಒಂದೇ ಸಮ ಕಿರುಚುತ್ತಿದ್ದವು. ದೋಣಿ ಮಾತ್ರ ಎಲ್ಲೂ ಕಾಣಲಿಲ್ಲ. ಅದರ ಹೊಟ್ಟೆಯಲ್ಲಿದ್ದ ಸರಕಷ್ಟೇ ನಮ್ಮ ಬಳಿ ಬಂದಿತ್ತು.

ಆಮೇಲೆ ಸುದ್ದಿ ಬಂತು. ನದಿಯ ಮೇಲ್ಗಡೆ, ಎರಡನೇ ದ್ವೀಪದ ಹತ್ತಿರ, ಬೋಗ್ದಾನನ ಸರಕು ದೋಣಿ ಮರಳದಿಬ್ಬ ಹತ್ತಿ ಸೀಳಿಹೋಗಿದೆ. ಬೋಗ್ದಾನನ ಪಕ್ಕೆಲುಬು ಮುರಿದಿವೆ. ಅಡುಗೆಯವನ ಮೇಲೆ ಕುದಿಯುವ ಸಾರು ಚೆಲ್ಲಿ ಎದೆಯೆಲ್ಲ ಸುಟ್ಟಿದೆ. ಉಳಿಯುತ್ತಾನೋ ಇಲ್ಲವೋ ಹೇಳಲಾಗದು.

ಆ ದೋಣಿಗೆ ದಾರಿ ತೋರಿಸುವುದೇ ನಮ್ಮ ಕೆಲಸ. ನಾನು ಸ್ವಿಲೆನಾ. ನಮ್ಮದು ನಾಲ್ಕು ಜನರ ಕಂಪನಿ. ಮೂರು ಅನ್ನಿ, ಮಿರೋನ್ ಏಪ್ರಿಲಿನಲ್ಲಿ ತೀರಿಕೊಂಡ. ನದಿಯ ಯಾವ ಜಾಗದಲ್ಲಿ ಎಷ್ಟು ಆಳ ಎಂದು ನಾವಿಕರಿಗೆ ತೋರಿಸುವ ಪ್ರೋಗ್ರಾಮ್ ನಮ್ಮದು. ಅದರ ಕೈಪಿಡಿ ಬರೆಯುವವಳು ನಾನು. ಯಾರೂ ಓದದ ಕೈಪಿಡಿ, ಅದು ಬೇರೆ ಮಾತು.

ಓಡಿಹೋಗಿ ಆಫೀಸಿನ ಕಂಪ್ಯೂಟರ್ ತೆರೆದೆ. ಎರಡನೇ ದ್ವೀಪದ ಅಳತೆ ಹುಡುಕಿದೆ. ನಾಲ್ಕು ಮೀಟರ್ ನೀರು ಎಂದಿತ್ತು. ಅಲ್ಲಿ ಸೊಂಟದುದ್ದ ನೀರಿದ್ದರೆ ಹೆಚ್ಚು. ಯಾರೋ ಕೆಲವೇ ದಿನಗಳ ಹಿಂದೆ, ನವೆಂಬರ್ ಎಂಟರ ಮಧ್ಯಾಹ್ನ, ಆ ಅಂಕಿ ಹಾಕಿದ್ದರು. ಹಾಕಿದವರ ಹೆಸರು ಪಕ್ಕದಲ್ಲೇ ಇತ್ತು.

ಮಿರೋನ್.

ಏಪ್ರಿಲಿನಲ್ಲಿ ನಾವೇ ಮಣ್ಣು ಹಾಕಿ ಬಂದಿದ್ದ ಮಿರೋನ್.

* * *

ನದಿ ಪೊಲೀಸಿನ ಇನ್‌ಸ್ಪೆಕ್ಟರ್ ಎವ್ಲೋಗಿ ಬಂದಾಗ ನನಗೆ ಮೈಯೆಲ್ಲ ಉರಿಯಿತು. ಊರು ಹತ್ತಿ ಉರಿಯುತ್ತಿದೆ, ಈ ಮನುಷ್ಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿಬಿಟ್ಟ. ಹೊರಗೆ ಮಂಜು, ಒಳಗೆ ಈತ. ಕೈಯಲ್ಲಿದ್ದ ಕಾಫಿ ಆರುತ್ತಿತ್ತು.

"ನಿದ್ದೆ ಬರ್ತಿದ್ಯಾ ಸಾರ್?" ಕೇಳಿಯೇಬಿಟ್ಟೆ.

"ಇಲ್ಲಮ್ಮ, ಕೇಳ್ತಾ ಇದೀನಿ. ಕಣ್ಣು ತೆರೆದಿದ್ರೆ ನಂಗೆ ಕಿವಿ ಕೇಳ್ಸಲ್ಲ. ಹೇಳಿ, ಸ್ಟಾಮೆನ್."

ಸ್ಟಾಮೆನಣ್ಣ ನಮ್ಮ ಮಾಲೀಕ. ದಪ್ಪ ಮೀಸೆ, ದೊಡ್ಡ ಗಂಟಲು. ಮಿರೋನನಿಗೆ ಶಾಲೆಯಿಂದ ಗೆಳೆಯ. ಅವತ್ತು ಗಂಟಲೇ ಏಳುತ್ತಿರಲಿಲ್ಲ.

"ನಮ್ಮ ಕೋಡೂ ಅಳತೆಗಳೂ ಎಲ್ಲಾ ಒಂದೇ ಭಂಡಾರದಲ್ಲಿರುತ್ತೆ ಸಾರ್. ದೂರದ ಯಾವುದೋ ಕಂಪನಿ ಯಂತ್ರದಲ್ಲಿ. ಕೆಲವರಿಗೆ ಓದೋ ಅನುಮತಿ ಇರುತ್ತೆ. ಕೆಲವರಿಗೆ ಬರೆಯೋ ಅನುಮತಿ. ಒಳಗೆ ಹೋಗೋಕೆ ಒಬ್ಬೊಬ್ರ ಯಂತ್ರದಲ್ಲೂ ಒಂದು ಗುಪ್ತ ಸಂಖ್ಯೆ, ಕೀಲಿ ಅಂತೀವಿ."

"ಸತ್ತವರಿಗೆ?"

ಸ್ಟಾಮೆನಣ್ಣ ಮೀಸೆ ಸವರಿದ. "ಮಿರೋನ್ ಅನುಮತಿ ನಾವು ಮುಟ್ಟಿಲ್ಲ. ವರ್ಷ ತುಂಬೋ ಮುಂಚೆ ಹೆಸರು ತೆಗಿಯೋಕೆ ಯಾರಿಗೆ ಕೈ ಬರುತ್ತೆ ಹೇಳಿ. ಅವನ ಫೋಟೋ ಇನ್ನೂ ಅಲ್ಲೇ ಇದೆ. ಅವನು ಹೇಗಿದ್ನೋ ಹಾಗೇ, ಓದಬಹುದು, ಬರೀಬಹುದು."

"ಅಂದ್ರೆ ಅವನ ಕೀಲಿ ಇರೋರು ಯಾರು ಬೇಕಾದ್ರೂ ಅವನ ಹೆಸರಲ್ಲಿ ಬರೀಬಹುದು."

"ಹೌದು."

"ಕೀಲಿ ಎಲ್ಲಿದೆ?"

"ಅವನ ಲ್ಯಾಪ್‌ಟಾಪಲ್ಲಿ." ಸ್ಟಾಮೆನಣ್ಣ ನನ್ನ ಕಡೆ ನೋಡದೆ ಹೇಳಿದ. "ಅದು ಕ್ರೆಮೆನಾ ಹತ್ರ ಇದೆ. ಅವನ ಹೆಂಡ್ತಿ."

"ಅಯ್ಯೋ, ಸುಮ್ನಿರಣ್ಣ!" ಎಂದೆ. "ಕ್ರೆಮೆನಾಗೆ ಇಮೇಲ್ ಕಳ್ಸೋಕೂ ಬರಲ್ಲ."

"ಮಣ್ಣಿನ ದಿನ ಏನಂದ್ಲು? ನಿಮ್ಮ ನದಿ ನನ್ನ ಗಂಡನ್ನ ತಿಂತು ಅಂತ ನನ್ನ ಮುಖಕ್ಕೇ ಕೂಗಿದ್ಲು. ನೀನೂ ಅಲ್ಲೇ ಇದ್ದೆ."

ಇದ್ದೆ. ಸುಳ್ಳು ಹೇಗೆ ಹೇಳಲಿ.

ಇನ್‌ಸ್ಪೆಕ್ಟರ್ ಒಂದು ಕಣ್ಣು ತೆರೆದ. "ಎಂಟನೇ ತಾರೀಕು ಮಧ್ಯಾಹ್ನ ಎಲ್ಲಾರೂ ಎಲ್ಲಿದ್ರಿ?"

ಅವತ್ತು ದೇವದೂತರ ಹಬ್ಬ. ದೇವದೂತನ ಹೆಸರಿಟ್ಟುಕೊಂಡ ನಮ್ಮ ಗವ್ರಿಲನಿಗೆ ಹುಟ್ಟುಹಬ್ಬದಂಥ ಹೆಸರಿನ ದಿನ. ಗವ್ರಿಲ್ ನಮ್ಮಲ್ಲಿ ಚಿಕ್ಕವನು, ಮಿರೋನ್ ಹೋದ ಮೇಲೆ ಕೋಡ್ ಎಲ್ಲ ಅವನ ತಲೆಯ ಮೇಲೆ. ಹೆಸರಿನ ದಿನ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬಾಗಿಲು ತೆರೆದಿಟ್ಟರೆ ಊರೇ ಬರುತ್ತದೆ. ನಾನು ಬೆಳಗಿನಿಂದ ಸಂಜೆವರೆಗೂ ಅವನ ಅಡುಗೆಮನೆಯಲ್ಲಿ ತಟ್ಟೆ ತೊಳೆದೆ. ನನ್ನ ಕೈ ಇನ್ನೂ ಒರಟಾಗಿದೆ, ಬೇಕಾದರೆ ನೋಡಿ ಎಂದೆ.

"ಗವ್ರಿಲ್?"

"ಮೇಜು ಬಿಟ್ಟು ಎದ್ದಿಲ್ಲ. ಎಲ್ಲಾರ ಜೊತೆ ಒಂದೊಂದು ಲೋಟ ರಕಿಯಾ ಸಾರಾಯಿ ಎತ್ತಬೇಕಲ್ಲ, ಪಾಪ."

"ನಾನೂ ಹೋಗಿದ್ದೆ," ಎಂದ ಸ್ಟಾಮೆನಣ್ಣ. "ಬಾಟ್ಲಿ ಕೊಟ್ಟು ಬಂದುಬಿಟ್ಟೆ. ಹೊಟ್ಟೆ ಸರಿ ಇರ್ಲಿಲ್ಲ."

"ಕ್ರೆಮೆನಾ?"

"ವರ್ಷದೊಳಗೆ ಹಬ್ಬದ ಮನೆಗೆ ಹೇಗೆ ಬರ್ತಾಳೆ ಸಾರ್? ಒಬ್ಳೇ ಮನೇಲಿದ್ಲು," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಊರೆಲ್ಲ ಒಂದು ಕಡೆ ಇದ್ದಾಗ ಅವಳೊಬ್ಬಳೇ ಒಂಟಿ.

"ಈಗ ಗವ್ರಿಲ್ ಎಲ್ಲಿ?"

ಹಬ್ಬದ ಮರುದಿನವೇ ಬೆನ್ನಚೀಲ ಹಾಕಿಕೊಂಡು ರೀಲಾ ಬೆಟ್ಟ ಹತ್ತಿದ್ದ. ಫೋನ್ ಸಿಗುತ್ತಿರಲಿಲ್ಲ. ಮಿರೋನನ ಜೊತೆ ಅವನು ಎಷ್ಟು ಸಲ ಜಗಳವಾಡಿದ್ದ ಎಂಬುದೂ ನೆನಪಾಯಿತು. ನಾನು ಅದನ್ನು ಹೇಳಲಿಲ್ಲ. ಸ್ಟಾಮೆನಣ್ಣ ಹೇಳಿದ.

* * *

ಶನಿವಾರ ಇನ್‌ಸ್ಪೆಕ್ಟರ್, ಪರಿಚಯದವಳು ಎಂದು, ನನ್ನನ್ನೂ ಕ್ರೆಮೆನಾಳ ಮನೆಗೆ ಕರೆದುಕೊಂಡು ಹೋದ. ಅವಳ ಮನೆ ಬಂದರಿನ ಹಿಂದಿನ ಬೀದಿಯಲ್ಲಿದೆ. ಬಾಗಿಲ ಮೇಲೆ, ಮಿರೋನ್ ತೀರಿ ಆರು ತಿಂಗಳಾದಾಗ ಅಚ್ಚು ಹಾಕಿಸಿದ ನೆನಪಿನ ಕಾಗದ ಅಂಟಿಸಿತ್ತು. ಕಪ್ಪು ಅಂಚು, ನಡುವೆ ಫೋಟೋ, ಕೆಳಗೆ ಎರಡು ಸಾಲು. ಯಾರೋ ಫೋಟೋದ ಮುಖವನ್ನು ಉಗುರಿನಿಂದ ಕೆರೆದು ಕಿತ್ತಿದ್ದರು. ಮಾಡಿದವರ ಕೈ ಸೇದಿಹೋಗಲಿ ಎಂದು ಗಟ್ಟಿಯಾಗಿಯೇ ಬೈದೆ.

ಲ್ಯಾಪ್‌ಟಾಪನ್ನು ಪೊಲೀಸರು ಆಗಲೇ ಸೋಫಿಯಾಕ್ಕೆ ಕಳಿಸಿದ್ದರು. ಅಲ್ಲಿಂದ ವರದಿ ಬರುವುದು ಹೊಸ ವರ್ಷದ ಮೇಲೆ. ಆದರೆ ಪ್ರಾಸಿಕ್ಯೂಟರ್ ಕಾಯುವುದಿಲ್ಲ. ಸೋಮವಾರ ಕ್ರೆಮೆನಾಳ ಮೇಲೆ ಕೇಸು ಹಾಕುತ್ತಾರಂತೆ.

ಅವಳು ನಮಗೆ ಕುರ್ಚಿ ಕೊಟ್ಟು ತಾನು ನಿಂತೇ ಇದ್ದಳು. ಕಪ್ಪು ಉಡುಪು. ಮುಖದಲ್ಲಿ ಭಯವಿರಲಿಲ್ಲ, ಸಿಟ್ಟಿತ್ತು.

"ನನ್ನ ಜೈಲಿಗೆ ಹಾಕೋದಾದ್ರೆ ಹಾಕಿ," ಎಂದಳು. "ಬ್ರೆಡ್ ಅಂಗಡೀಲಿ ಏನಂತಿದಾರೆ ಗೊತ್ತಾ? ಸತ್ತವನು ಸಾಯೋ ಮುಂಚೆ ಕೋಡಲ್ಲಿ ವಿಷ ಇಟ್ಟು ಹೋದ ಅಂತ. ಇಪ್ಪತ್ತು ವರ್ಷದಲ್ಲಿ ಅಳೀದೇ ಒಂದು ಅಂಕಿನೂ ಬರೆದವನಲ್ಲ ನನ್ನ ಗಂಡ. ಅವನ ಹೆಸರು ನೀರಿಗೆ ಹಾಕ್ಬೇಡಿ. ಅಷ್ಟೇ ನಾನು ಕೇಳೋದು."

"ಎಂಟನೇ ತಾರೀಕು ಲ್ಯಾಪ್‌ಟಾಪ್ ತೆಗೆದ್ರಾ?" ಇನ್‌ಸ್ಪೆಕ್ಟರ್ ಕೇಳಿದ.

"ಅವನು ಹೋದ ಮೇಲೆ ಅದನ್ನ ಮುಟ್ಟೇ ಇಲ್ಲ. ಮತ್ತೆ ಅವನು ಹೇಗೆ ಬರೀತಾನೆ ಸಾರ್? ಅವನಿಗೆ ಬಿಡುಗಡೆ ಮಾಡಿಸಿದ್ವಲ್ಲ."

"ಬಿಡುಗಡೆ?"

"ನಲವತ್ತನೇ ದಿನ. ಆಫೀಸಿಗೆ ಸತ್ತವರ ಹೆಸರಲ್ಲಿ ಹಂಚೋ ಗೋಧಿ ತಗೊಂಡು ಹೋಗಿದ್ದೆ. ಅವನ ಹೊರೆ ಇಳಿಸಿಬಿಡಿ, ಇನ್ನು ಮಲಗಲಿ ಅಂದೆ. ಗವ್ರಿಲ್ ಆಯ್ತು ಅಂದ."

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದ. ನಾನು ತಲೆಯಾಡಿಸಿದೆ. ಅವತ್ತು ನಾನೂ ಇದ್ದೆ. ಬೇಯಿಸಿದ ಗೋಧಿ, ಸಕ್ಕರೆ, ಮೇಲೆ ಆಕ್ರೋಟು. ಕ್ರೆಮೆನಾ ಅಳುತ್ತಿದ್ದಳು. ಗವ್ರಿಲ್ ಕಂಪ್ಯೂಟರಿನಲ್ಲಿ ಏನೋ ಒತ್ತಿ, ಆಯ್ತಕ್ಕ, ಇನ್ನು ಮಲಗ್ತಾನೆ ಎಂದ. ಸಮಾಧಾನಕ್ಕೆ ಹೇಳಿದ್ದು ಎಂದುಕೊಂಡಿದ್ದೆ.

"ಅವನು ಕನಸಲ್ಲಿ ಬರ್ತಾನೆ," ಎಂದಳು ಕ್ರೆಮೆನಾ. ಈಗ ದನಿ ಮೆತ್ತಗಾಗಿತ್ತು. "ನದಿ ದಂಡೇಲಿ ಕೂತಿರ್ತಾನೆ. ಕೈ ಎರಡೂ ತೊಡೆ ಮೇಲೆ. ಬದುಕಿದ್ದಾಗ ಹಾಗೆ ಒಂದು ದಿನ ಕೂತವನಲ್ಲ. ಏನು ಮಾಡ್ತಿದೀಯ ಅಂದ್ರೆ, ಏನೂ ಇಲ್ಲ ಕಣೇ, ನೀರು ನೋಡ್ತಿದೀನಿ ಅಂತಾನೆ. ಪೂರ್ತಿ ಬೇಸಿಗೆ ಹಾಗೇ ಬಂದ. ಈ ವಾರ ಬಂದವನು ನನ್ನ ಕಡೆ ತಿರುಗಲೇ ಇಲ್ಲ. ನೀರೊಳಗೆ ಮೊಣಕಾಲವರೆಗೆ ನಿಂತಿದ್ದ. ಏನೋ ಅಳೀತಿದ್ದ."

ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡೆ. ಇನ್‌ಸ್ಪೆಕ್ಟರ್ ಹಾಗೆ ಅಂದುಕೊಂಡಂತೆ ಕಾಣಲಿಲ್ಲ. ಅಲ್ಲಿ ಒಂದು ಸಲವೂ ಕಣ್ಣು ಮುಚ್ಚಲಿಲ್ಲ.

* * *

ಆಸ್ಪತ್ರೆಯಲ್ಲಿ ಬೋಗ್ದಾನ್ ದಿಂಬಿಗೆ ಒರಗಿ ಕೂತಿದ್ದ. ಎದೆಗೆಲ್ಲ ಪಟ್ಟಿ. ಅಡುಗೆಯವ ಉಳಿಯುತ್ತಾನೆ ಎಂದು ಡಾಕ್ಟರ್ ಹೇಳಿದ್ದರು, ಅದೊಂದು ಸಮಾಧಾನ.

"ಮಂಜಲ್ಲಿ ಯಾಕಪ್ಪ ಆ ಕಡೆ ಹೋದೆ?" ಇನ್‌ಸ್ಪೆಕ್ಟರ್ ಕೇಳಿದ.

"ಹೋಗ್ತಿರ್ಲಿಲ್ಲ ಸಾರ್. ಆ ಜಾಗ ನಂಗೆ ನಂಬಿಕೆ ಇರ್ಲಿಲ್ಲ. ಮರಳು ಸರಿದಿದೆ, ಮತ್ತೆ ಅಳೆಸಿ ಅಂತ ಬೇಸಿಗೆಯಿಂದ ಬಾಯಿ ಬಡ್ಕೊಂಡಿದೀವಿ. ಪರದೆ ಮೇಲೆ ನಾಲ್ಕು ಮೀಟರ್ ಅಂತ ಬಂತು. ಯಾರು ಬರೆದಿದ್ದು ಅಂತ ಒತ್ತಿ ನೋಡಿದೆ." ಬೋಗ್ದಾನ್ ಉಸಿರೆಳೆದುಕೊಂಡ. "ಮಿರೋನ್ ಅಂತಿತ್ತು."

"ಮಿರೋನ್ ಸತ್ತಿದಾನೆ."

"ಗೊತ್ತು ಸಾರ್. ಶವದ ಪೆಟ್ಟಿಗೆಗೆ ಹೆಗಲು ಕೊಟ್ಟಿದೀನಿ. ಆದ್ರೆ ಆ ಹೊತ್ತಲ್ಲಿ, ಆ ಬಿಳೀ ಕತ್ತಲಲ್ಲಿ, ಹೆಸರು ನೋಡಿದ ಕೂಡ್ಲೆ ಎದೆ ಹಗುರ ಆಯ್ತು. ತಾರೀಕು ನೋಡ್ಲಿಲ್ಲ. ಮಿರೋನ್ ನೀರಿದೆ ಅಂದ್ರೆ ನೀರಿದೆ. ಚುಕ್ಕಾಣಿ ತಿರುಗ್ಸಿಬಿಟ್ಟೆ."

ಅವನ ಕಣ್ಣು ತುಂಬಿತು. ಐವತ್ತು ದಾಟಿದ ಗಂಡಸು, ಮುಖ ಮುಚ್ಚಿಕೊಳ್ಳಲು ಕೈ ಎತ್ತುವುದಕ್ಕೂ ಆಗದೆ ಹಾಗೇ ಅತ್ತ.

"ಬೇರೆ ಹೆಸರಿದ್ದಿದ್ರೆ?" ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದ.

"ಫೋನ್ ಮಾಡ್ತಿದ್ದೆ. ಎಲ್ಲಾರೂ ಮಾಡ್ತೀವಿ. ಮಿರೋನ್ ಹೋದ ಮೇಲೆ ಒಂದೊಂದು ಅಂಕಿಗೂ ಸ್ಟಾಮೆನ್‌ಗೆ ಫೋನ್. ನಿಜವಾಗ್ಲೂ ಅಳೆದ್ರಾ, ಯಾವ ದೋಣಿ ಕಳ್ಸಿದ್ರಿ ಅಂತ. ಪಾಪ, ಅವನ ತಲೆ ಚಿಟ್ಟು ಹಿಡಿಸಿಬಿಟ್ಟಿದೀವಿ."

* * *

ಆಫೀಸಿಗೆ ಮರಳಿದಾಗ ಯಾರೂ ಇರಲಿಲ್ಲ. ಮಂಜು ಕಿಟಕಿಗೆ ಒರಗಿ ನಿಂತಿತ್ತು. ನದಿಯ ಮೇಲೆ ಎಲ್ಲೋ ಒಂದು ದೋಣಿಯ ಕೊಂಬು ಮೊಳಗಿ ನಿಂತಿತು.

"ಒಂದು ದಡ್ಡ ಪ್ರಶ್ನೆ," ಎಂದ ಇನ್‌ಸ್ಪೆಕ್ಟರ್. "ಕಾಗದದ ಲಕೋಟೆ ಹಿಂದೆ ಕಳ್ಸಿದವರ ಹೆಸರು ಬರೀತೀವಲ್ಲ. ಯಾರ ಹೆಸರು ಬೇಕಾದ್ರೂ ಬರೀಬಹುದು, ಅಂಚೆಯವನು ಕೇಳಲ್ಲ. ಈ ಭಂಡಾರದಲ್ಲೂ ಹಾಗೇನಾ?"

ಹಾಗೇ ಅದು. ಬದಲಾವಣೆಯ ಮೇಲಿನ ಹೆಸರು ಬರೆಯುವವನು ತಾನೇ ತುಂಬುವುದು. ಒಳಗೆ ಬಿಡುವಾಗ ಭಂಡಾರ ನೋಡುವುದು ಕೀಲಿಯನ್ನು, ಹೆಸರನ್ನಲ್ಲ.

"ಯಾರ ಕೀಲಿಯಿಂದ ಒಳಗೆ ಬಂತು ಅಂತ ದಾಖಲೆ ಇರಲ್ವಾ?"

"ದುಡ್ಡು ಕೊಟ್ಟವರಿಗೆ ಇರುತ್ತೆ. ಸ್ಟಾಮೆನಣ್ಣ ಕೊಡಲ್ಲ. ಪೆನ್ಸಿಲಿಗೂ ಲೆಕ್ಕ ಕೇಳೋ ಜಾತಿ."

"ಹಾಗಾದ್ರೆ ಒಳಗೆ ಬಿಡಿಸಿಕೊಳ್ಳೋ ಯೋಗ್ಯತೆ ಯಾರ್ಯಾರಿಗಿದೆ ಅಂತ ಆದ್ರೂ ತಿಳ್ಕೊಬಹುದಾ? ಬಾಯಿ ಮಾತಲ್ಲಿ ಬೇಡ. ಭಂಡಾರವೇ ಹೇಳಬೇಕು."

ಆಗ ದ್ವಾರಪಾಲಕ ನೆನಪಾದ. ಅದು ಮಿರೋನ್ ಬರೆದ ಚಿಕ್ಕ ಪ್ರೋಗ್ರಾಮ್. ಭಂಡಾರದ ಬಾಗಿಲಲ್ಲಿ ನಿಂತು, ಯಾರಿಗೆ ಯಾವ ಅನುಮತಿ, ಯಾವಾಗಿನಿಂದ ಎಂದು ಸಾಲಾಗಿ ಹೇಳುತ್ತದೆ. ಮೂಲೆಯ ಹಳೆಯ ಯಂತ್ರದಲ್ಲಿ ಹಾಗೇ ಬಿದ್ದಿತ್ತು. ಮಿರೋನ್ ಪ್ರತಿ ತಿಂಗಳೂ ಓಡಿಸುತ್ತಿದ್ದ. ಅವನು ಹೋದ ಮೇಲೆ ಯಾರಿಗೆ ಬೇಕಿತ್ತು?

ಧೂಳು ಒರೆಸಿ ಯಂತ್ರ ಹಚ್ಚಿದೆ. ಕೆಮ್ಮಿಕೊಂಡು ಎದ್ದಿತು. ದ್ವಾರಪಾಲಕನ ಹೆಸರು ಒತ್ತಿದೆ. ಪರದೆಯ ಮೇಲೆ ಮೊದಲು ಮಿರೋನನ ಮಾತು ಬಂತು: 'ತಾಳ್ರಪ್ಪ, ನೋಡಿ ಹೇಳ್ತೀನಿ.' ಅವನು ಮಾತಾಡುತ್ತಿದ್ದುದೇ ಹಾಗೆ. ಇನ್‌ಸ್ಪೆಕ್ಟರ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಹೆಸರುಗಳು ಬಂದವು. ನಾವಿಕರೇ ಮೂವತ್ತು ಜನ, ಎಲ್ಲರೂ ಓದುವವರು. ಸ್ಟಾಮೆನ್, ಬರೆಯಬಹುದು. ಗವ್ರಿಲ್, ಬರೆಯಬಹುದು. ಸ್ವಿಲೆನಾ, ಓದಬಹುದು.

"ಏನಂದೆ?" ಯಂತ್ರಕ್ಕೇ ಕೇಳಿದೆ. "ಹನ್ನೊಂದು ವರ್ಷದಿಂದ ದುಡೀತಿದೀನಿ, ನಂಗೆ ಬರೆಯೋ ಅನುಮತಿ ಇಲ್ವಾ? ನನ್ನ ಕೈಪಿಡೀನೆಲ್ಲಾ ಗವ್ರಿಲ್ ಹತ್ರ ಯಾಕೆ ಕಳ್ಸು ಅಂತಿದ್ರು ಅಂತ ಈಗ ಗೊತ್ತಾಯ್ತು. ಬರ್ಲಿ ಅವನು!"

"ಬೈಯೋದು ಆಮೇಲೆ ಬೈಯಮ್ಮ. ಮುಂದಿನ ಸಾಲು ಓದು."

ಓದಿದೆ. ಮತ್ತೆ ಓದಿದೆ.

ಮಿರೋನ್. ಓದಬಹುದು. ಮೇ ತಿಂಗಳ ಕೊನೆಯಿಂದ.

"ಬರೀಬಹುದು ಅಂತ ಇಲ್ವಾ?"

"ಇಲ್ಲ ಸಾರ್. ಬರೀ ಓದಬಹುದು. ಆರು ತಿಂಗಳಾಯ್ತು."

"ಅಂದ್ರೆ ಅವನ ಲ್ಯಾಪ್‌ಟಾಪಲ್ಲಿ ಯಾರು ಕೂತು ಏನು ಒತ್ತಿದ್ರೂ..."

"ಬಾಗಿಲು ತೆಗಿಯೋದೇ ಇಲ್ಲ." ನಾನು ಕುರ್ಚಿಯಿಂದ ಎದ್ದುಬಿಟ್ಟೆ. "ಕ್ರೆಮೆನಾ ಅಲ್ಲ ಸಾರ್. ಆಗೋದೇ ಇಲ್ಲ!"

ಇನ್‌ಸ್ಪೆಕ್ಟರ್ ಫೋನ್ ತೆಗೆದ. ರೀಲಾದಲ್ಲಿ ಬೆಟ್ಟ ಹತ್ತುವವರು ತಂಗುವ ಮನೆಯ ಕಾವಲುಗಾರನ ನಂಬರ್ ಅವನ ಹತ್ತಿರ ಯಾವಾಗಲೋ ಬಂದಿತ್ತು. ಆ ಕಡೆ ಯಾರೋ ಕೂಗಿ ಕರೆದರು. ಹಿಮದಲ್ಲಿ ಬೂಟಿನ ಸದ್ದು. ಆಮೇಲೆ ಗವ್ರಿಲ್.

"ಯಾರು? ಸ್ವಿಲೆನಕ್ಕನಾ? ಏನಾಯ್ತು?"

ಅವನಿಗೆ ಏನೂ ತಿಳಿದಿರಲಿಲ್ಲ. ಹೇಳಿದೆ.

"ಅಕ್ಕ, ಅದು ಹೇಗೆ ಸಾಧ್ಯ? ನಲವತ್ತನೇ ದಿನ ನಾನೇ ಅವನ ಬರೆಯೋ ಅನುಮತಿ ತೆಗೆದೆ. ಕ್ರೆಮೆನಕ್ಕ ಕೇಳಿದ್ರಲ್ಲ. ಹೆಸರು ತೆಗೀಲಿಲ್ಲ, ಅದು ಇರ್ಲಿ, ಅವನು ನೋಡ್ಕೊಂಡಿರ್ಲಿ ಅಂತ ಓದೋದು ಮಾತ್ರ ಬಿಟ್ಟೆ."

"ಸ್ಟಾಮೆನ್‌ಗೆ ಹೇಳಿದ್ದೆಯಾ?" ಇನ್‌ಸ್ಪೆಕ್ಟರ್ ಕೇಳಿದ.

"ಇಲ್ಲ ಸಾರ್. ಅವತ್ತು ಅವರು ಬಂದಿರ್ಲಿಲ್ಲ. ಗೆಳೆಯನ ನಲವತ್ತನೇ ದಿನಕ್ಕೆ ಬರದೇ ಇದ್ದವರ ಹತ್ರ ಆ ಮಾತು ತೆಗಿಯೋಕೆ ನಂಗೆ ಮನಸ್ಸಾಗ್ಲಿಲ್ಲ."

ಇನ್‌ಸ್ಪೆಕ್ಟರ್ ಫೋನ್ ಇಟ್ಟ. ಕಿಟಕಿಯ ಕಡೆ ತಿರುಗಿ ಮಂಜನ್ನೇ ನೋಡುತ್ತ ನಿಂತ. ನನಗೂ ಆಗ ಅರ್ಥವಾಯಿತು. ಅರ್ಥವಾಗಬಾರದಿತ್ತು ಅನ್ನಿಸಿತು.

* * *

ಭಾನುವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಸ್ಟಾಮೆನಣ್ಣನನ್ನು ಆಫೀಸಿಗೆ ಕರೆಸಿದ. ಕ್ರೆಮೆನಾಳನ್ನೂ ಕರೆತಂದಿದ್ದ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಗವ್ರಿಲ್ ಗಡ್ಡ ಬಿಟ್ಟುಕೊಂಡು ಮೂಲೆಯಲ್ಲಿದ್ದ. ಸ್ಟಾಮೆನಣ್ಣ ನಮ್ಮನ್ನೆಲ್ಲ ನೋಡಿ, "ಏನು, ಸಭೆನಾ?" ಎಂದು ನಗಲು ನೋಡಿದ.

"ಕೂತ್ಕೊಳ್ಳಿ," ಎಂದ ಇನ್‌ಸ್ಪೆಕ್ಟರ್. "ಈ ಹೆಸರು ಹಾಕಿದವನಿಗೆ ಒಂದು ನಂಬಿಕೆ ಇತ್ತು. ಮಿರೋನ್ ಇನ್ನೂ ಬರೀಬಹುದು ಅನ್ನೋ ನಂಬಿಕೆ. ಅದಿಲ್ಲದೇ ಹೋಗಿದ್ರೆ ಆ ಹೆಸರು ಹಾಕ್ತಿರ್ಲಿಲ್ಲ. ಸುಳ್ಳು ಅಂತ ಭಂಡಾರವೇ ಹೇಳಿಬಿಡುತ್ತಲ್ಲ. ಅಂಕಿ ಬರೆಯೋ ಅನುಮತಿ ಇರೋರು ಇಬ್ರೇ, ನೀವು ಮತ್ತೆ ಗವ್ರಿಲ್. ಗವ್ರಿಲ್ ಕೈಯಾರೆ ಮಿರೋನ್ ಅನುಮತಿ ಇಳಿಸಿದವನು. ಅದೂ ಅಲ್ಲದೆ ಆ ಮಧ್ಯಾಹ್ನ ಊರೆಲ್ಲಾ ಅವನ ಮುಖ ನೋಡ್ಕೊಂಡು ಕುಡೀತಿತ್ತು."

"ನಾನು... ಇಳಿಸಿದ್ರಾ? ಯಾವಾಗ?" ಸ್ಟಾಮೆನಣ್ಣನ ಬಾಯಿಂದ ಅದೇ ಮೊದಲು ಬಂದದ್ದು. ಅನುಮತಿ ಇಳಿಸಿದ್ದು ತನಗೆ ತಿಳಿದಿರಲಿಲ್ಲ ಎಂದು ಒಪ್ಪಿಕೊಂಡಂತಾಯಿತು ಎಂದು ಬಂದ ಮೇಲೆ ಅವನಿಗೇ ಗೊತ್ತಾಯಿತು.

"ಮೊದಲನೇ ದಿನ ಇದೇ ಜಾಗದಲ್ಲಿ ನೀವೇ ಹೇಳಿದ್ರಿ. ಅವನು ಹೇಗಿದ್ನೋ ಹಾಗೇ ಇದಾನೆ, ಓದಬಹುದು, ಬರೀಬಹುದು ಅಂತ. ನಾನು ಕಣ್ಣು ಮುಚ್ಚಿ ಕೇಳ್ತಿದ್ದೆ. ನಲವತ್ತನೇ ದಿನ ಎಲ್ಲಿದ್ರಿ, ಸ್ಟಾಮೆನ್?"

"ಕೆಳಗಡೆ ಗಲಾತ್ಸ್ ಬಂದರಲ್ಲಿ. ಒಪ್ಪಂದ ಇತ್ತು." ಅವನು ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ ಹಿಡಿತ ಸಡಿಲಿಸಿದ. "ಅವನ ಗೋಧಿ ತಿನ್ನೋಕೆ ಆಗಲ್ಲ ಅನ್ನಿಸ್ತು. ಅದಕ್ಕೇ ಹೋದೆ. ಒಪ್ಪಂದ ಒಂದು ವಾರ ತಡ ಆದ್ರೂ ನಡೀತಿತ್ತು."

"ಅಂಕಿ?"

"ಹೋದ ವರ್ಷದ್ದು. ಅಳೆಯೋ ದೋಣಿ ಕಳ್ಸೋ ಖರ್ಚು ಕೈಲಿ ಆಗ್ಲಿಲ್ಲ. ಆ ಜಾಗದ ಹೊಸ ಅಳತೆ ಎಲ್ಲಿ ಅಂತ ಎಲ್ಲಾ ಕೇಳ್ತಿದ್ರು. ನನ್ನ ಹೆಸರಲ್ಲಿ ಹಾಕಿದ್ರೆ ಮೂವತ್ತು ಫೋನು. ಗವ್ರಿಲ್ ಹೆಸರಲ್ಲಿ ಹಾಕಿದ್ರೂ ಮೂವತ್ತು ಫೋನು. ಮಿರೋನ್ ಹೆಸರಿದ್ರೆ ಯಾರೂ ಕೇಳಲ್ಲ." ಅವನು ಕ್ರೆಮೆನಾಳ ಕಡೆ ತಿರುಗಿದ. "ನೀರು ಇರುತ್ತೆ ಅಂದ್ಕೊಂಡೆ ಕ್ರೆಮೆನಾ. ದೇವರಾಣೆ. ದೋಣಿ ಮರಳು ಹತ್ತಿದ ಮೇಲೆ ಹೆದರಿಬಿಟ್ಟೆ. ಅಡುಗೆಯವನು ಸಾಯ್ತಾನೆ ಅಂದ್ರು. ಮಿರೋನ್ ಹೇಗೂ ಸತ್ತಿದಾನೆ, ಸತ್ತವನಿಗೆ ಇನ್ನೇನು ಆಗುತ್ತೆ ಅಂತ..."

"ಸತ್ತವನಿಗೆ," ಎಂದಳು ಕ್ರೆಮೆನಾ.

"ಹೂಂ."

"ಮತ್ತೆ ನನ್ನ ಹೆಸರು ಯಾಕೋ ಹೇಳ್ದೆ? ನಾನು ಸತ್ತಿದೀನಾ?"

ಅವಳು ಎದ್ದು ಅವನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ.

"ಜೀವಮಾನವೆಲ್ಲಾ ನಿನಗೆ ದುಡಿದ. ಭಾನುವಾರ ಗೊತ್ತಿರ್ಲಿಲ್ಲ, ಹಬ್ಬ ಗೊತ್ತಿರ್ಲಿಲ್ಲ. ಸತ್ತ ಮೇಲಾದ್ರೂ ಸುಮ್ನೆ ಕೂತ್ಕೊಳ್ಳಲಿ ಅಂತ ನಾನು ಗೋಧಿ ಹಿಡ್ಕೊಂಡು ಬಂದು ಬೇಡ್ಕೊಂಡೆ. ಕೂತಿದ್ದ ಕಣೋ. ನೀನು ಅವನನ್ನ ಎಬ್ಬಿಸಿ ಮತ್ತೆ ಕೆಲಸಕ್ಕೆ ಹಚ್ಚಿದೆ. ಅದೂ ಎಂಥಾ ಕೆಲಸಕ್ಕೆ!"

ಸ್ಟಾಮೆನಣ್ಣ ದೊಡ್ಡ ಗಂಟಲಿನಲ್ಲಿ ಅತ್ತ. ನನಗೆ ಅವನನ್ನು ನೋಡಿ ಅಸಹ್ಯವೂ ಆಯಿತು, ಅಯ್ಯೋ ಎಂದೂ ಅನ್ನಿಸಿತು. ಇನ್‌ಸ್ಪೆಕ್ಟರ್ ಅವನಿಗೆ ಕೋಟು ತೊಡಿಸಿ ತನ್ನವರ ಜೊತೆ ಕಳಿಸಿದ.

* * *

"ನಾಳೆ ನಿಮ್ಮ ಮೇಲೆ ಕೇಸಿಲ್ಲ," ಎಂದ ಇನ್‌ಸ್ಪೆಕ್ಟರ್ ಕ್ರೆಮೆನಾಳಿಗೆ. "ಮನೆಗೆ ಬಿಟ್ಟು ಬರ್ಲಾ?"

"ಅವನ ಹೆಸರು?"

"ವರದಿ ಬರೀತೀನಿ. ಪತ್ರಿಕೇಲೂ ಬರುತ್ತೆ."

"ಪತ್ರಿಕೆ ಯಾವ ನಾವಿಕ ಓದ್ತಾನೆ ಸಾರ್? ಅವರಿಗೆ ಹೇಳ್ಬೇಕು."

ಬಂದರಿನ ರೇಡಿಯೋ ಕೋಣೆ ಕಟ್ಟೆಯ ತುದಿಯಲ್ಲಿದೆ. ನಾಲ್ವರೂ ಹೋದೆವು. ಮಂಜಿನಲ್ಲಿ ಕಟ್ಟೆ ಮುಗಿಯುವುದೂ ನೀರು ಶುರುವಾಗುವುದೂ ತಿಳಿಯುತ್ತಿರಲಿಲ್ಲ. ರೇಡಿಯೋ ಹುಡುಗಿ ಇನ್‌ಸ್ಪೆಕ್ಟರನ ಮುಖ ನೋಡಿ ಸುಮ್ಮನೆ ಎದ್ದು ಜಾಗ ಬಿಟ್ಟಳು. ನದಿಯ ಮೇಲೆ ಒಂದು ಕಟ್ಟಳೆಯಿದೆ: ಹೇಳಿದ ಮಾತನ್ನು ಕೇಳಿದ ದೋಣಿ ತಿರುಗಿ ಹೇಳಬೇಕು. ತಿರುಗಿ ಹೇಳುವವರೆಗೆ ಮಾತು ತಲುಪಿಲ್ಲ ಎಂದೇ ಲೆಕ್ಕ.

ಕ್ರೆಮೆನಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಹೇಗೆ ಶುರು ಮಾಡೋದು?" ಎಂದು ಗವ್ರಿಲನನ್ನು ಕೇಳಿದಳು.

"ನೀವು ಯಾರು ಅಂತ ಹೇಳಿ ಅಕ್ಕ. ಸಾಕು."

"ನಾನು ಕ್ರೆಮೆನಾ. ಮಿರೋನ್ ಹೆಂಡ್ತಿ. ಎಲ್ಲಾ ದೋಣಿಗಳಿಗೂ ಹೇಳ್ತಿದೀನಿ. ಎರಡನೇ ದ್ವೀಪದ ಅಳತೆ ಮಿರೋನ್‌ದಲ್ಲ. ಅವನು ಬರೆದಿಲ್ಲ. ಮಿರೋನ್‌ದಲ್ಲ."

ಮೈಕಿನ ಗುಂಡಿಯಿಂದ ಕೈ ತೆಗೆದಳು. ರೇಡಿಯೋ ಬರಿದೇ ಉಸಿರಾಡಿತು. ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿಕೊಂಡಿದ್ದ. ಈ ಸಲ ನಾನೂ ಮುಚ್ಚಿಕೊಂಡೆ.

ಮೊದಲು ಒಂದು ಮುದಿ ದನಿ ಬಂತು, ಹತ್ತಿರದಿಂದಲೇ. "ಎರಡನೇ ದ್ವೀಪದ ಅಳತೆ ಮಿರೋನ್‌ದಲ್ಲ. ತಲುಪಿತು, ಕ್ರೆಮೆನಾ."

ಆಮೇಲೆ ಕೆಳಗಡೆಯಿಂದ ಇನ್ನೊಂದು. "ಮಿರೋನ್‌ದಲ್ಲ. ತಲುಪಿತು." ಆಚೆ ದಡದ ರುಮೇನಿಯಾದವನೊಬ್ಬ ತನ್ನ ಮಾತಿನಲ್ಲಿ ಹೇಳಿ, ಅವಳಿಗೆ ತಿಳಿಯಲಿ ಎಂದು ನಮ್ಮ ಮಾತಿನಲ್ಲೂ ಹೇಳಿದ. ಇನ್ನೊಂದು ದೋಣಿ. ಮತ್ತೊಂದು. ಕಣ್ಣಿಗೆ ಒಂದೂ ಕಾಣುತ್ತಿರಲಿಲ್ಲ. ಮೇಲಿನಿಂದ, ಕೆಳಗಿನಿಂದ, ಬಿಳಿ ಮಂಜಿನೊಳಗಿನಿಂದ ಒಬ್ಬೊಬ್ಬರೇ ಅದೇ ಮಾತು ತಿರುಗಿ ಹೇಳುತ್ತಾ ಹೋದರು.

ಕ್ರೆಮೆನಾ ಪ್ರತಿಯೊಂದಕ್ಕೂ "ಆಯ್ತಪ್ಪ, ಆಯ್ತು" ಎನ್ನುತ್ತಿದ್ದಳು. ಎಲ್ಲರದ್ದೂ ಮುಗಿಯುವವರೆಗೆ ಅವಳು ಕುರ್ಚಿಯಿಂದ ಏಳಲಿಲ್ಲ.